ನವೋದಯ ಸೀಟು: ತಾಯಂದಿರು ಮೂರನೇ ತರಗತಿಯಿಂದಲೇ ನೆನಪಿಡಬೇಕಾದ ಮಾತು



ಮಳೆಗಾಲ ಶುರುವಾಗುವ ಹೊತ್ತಿಗೆ ನಮ್ಮ ಸಂಘಗಳ ಸಭೆಯಲ್ಲಿ ಒಂದು ಪ್ರಶ್ನೆ ಬಂದೇ ಬರುತ್ತದೆ. "ಸಿಸ್ಟರ್, ನಮ್ಮ ಮಗೂನ ನವೋದಯಕ್ಕೆ ಹಾಕ್ಬೇಕು ಅಂತಿದೀವಿ, ಏನ್ ಮಾಡ್ಬೇಕು?" ಕೇಳುವ ತಾಯಿಯ ಮಗು ಸಾಮಾನ್ಯವಾಗಿ ಐದನೇ ತರಗತಿಗೆ ಬಂದಿರುತ್ತದೆ. ಕೆಲವು ವಿಷಯದಲ್ಲಿ ಅಷ್ಟೊತ್ತಿಗೆ ತಡವಾಗಿರುತ್ತದೆ.

ನಮ್ಮದೇ ಒಂದು ಸಂಘದಲ್ಲಿ ನಡೆದದ್ದನ್ನು ಹೇಳುತ್ತೇವೆ. ಒಬ್ಬ ಸದಸ್ಯೆಗೆ ಜಾಣ ಮಗಳು. ಊರ ಸರ್ಕಾರಿ ಶಾಲೆಯಲ್ಲಿ ಓದಿದರೆ ನವೋದಯ ಸಿಗಲಿಕ್ಕಿಲ್ಲ ಎಂದು ಯಾರೋ ಹೇಳಿದರು. ಆಕೆ ಸಂಘದಲ್ಲಿ ಸಾಲ ಪಡೆದು, ನಾಲ್ಕನೇ ತರಗತಿಗೆ ಮಗಳನ್ನು ಪೇಟೆಯ ಶಾಲೆಗೆ ಸೇರಿಸಿ, ಕೋಚಿಂಗಿಗೂ ಕಳಿಸಿದಳು. ಅರ್ಜಿ ಹಾಕುವಾಗ ಗೊತ್ತಾಯಿತು, ಪೇಟೆ ಶಾಲೆಯಲ್ಲಿ ಓದಿದ್ದರಿಂದ ಮಗು ಗ್ರಾಮೀಣ ಮೀಸಲಾತಿಯಿಂದ ಹೊರಗೆ ಹೋಗಿತ್ತು. ಮಗುವಿಗೆ ಸೀಟು ಸಿಗಲಿಲ್ಲ. ಸಾಲದ ಕಂತು ಮಾತ್ರ ಉಳಿಯಿತು. ಆ ಸಾಲಕ್ಕೆ ಒಪ್ಪಿಗೆ ಕೊಟ್ಟ ಸಭೆಯಲ್ಲಿ ನಾವೂ ಕೂತಿದ್ದೆವು. ನಿಯಮ ಓದಿ ಹೇಳುವುದು ನಮ್ಮ ಕೆಲಸವಾಗಿತ್ತು, ಹೇಳಲಿಲ್ಲ. ಅದಕ್ಕೇ ಈ ಲೇಖನ.

ನವೋದಯ ಎಂದರೇನು?

ಜವಾಹರ್ ನವೋದಯ ವಿದ್ಯಾಲಯಗಳು ಕೇಂದ್ರ ಸರ್ಕಾರದ ವಸತಿ ಶಾಲೆಗಳು. 1986ರ ರಾಷ್ಟ್ರೀಯ ಶಿಕ್ಷಣ ನೀತಿಯಡಿ ಬಂದವು. ಹಳ್ಳಿಯ ಪ್ರತಿಭಾವಂತ ಮಕ್ಕಳಿಗೆ, ಅವರ ಮನೆಯವರ ಕೈಯಲ್ಲಿ ದುಡ್ಡಿಲ್ಲದಿದ್ದರೂ, ಒಳ್ಳೆಯ ಶಿಕ್ಷಣ ಸಿಗಲಿ ಎಂಬುದೇ ಉದ್ದೇಶ. ನಮ್ಮ ರಾಜ್ಯದಲ್ಲಿ ಜಿಲ್ಲೆಗೊಂದರಂತೆ ಇವೆ. 6ರಿಂದ 12ನೇ ತರಗತಿವರೆಗೆ ಸಿ.ಬಿ.ಎಸ್.ಇ. ಪಠ್ಯ. ಊಟ, ವಸತಿ, ಸಮವಸ್ತ್ರ, ಪುಸ್ತಕ, ಪಾಠ ಎಲ್ಲಾ ಉಚಿತ. 9ನೇ ತರಗತಿಯಿಂದ ಮಾತ್ರ ವಿದ್ಯಾಲಯ ವಿಕಾಸ ನಿಧಿ ಎಂದು ತಿಂಗಳಿಗೆ 600 ರೂಪಾಯಿ ಇದೆ. ಹೆಣ್ಣುಮಕ್ಕಳು, ಪರಿಶಿಷ್ಟ ಜಾತಿ-ಪಂಗಡದವರು, ಅಂಗವಿಕಲ ಮಕ್ಕಳು, ಬಡತನ ರೇಖೆಗಿಂತ ಕೆಳಗಿನ ಕುಟುಂಬದ ಮಕ್ಕಳು ಅದನ್ನೂ ಕೊಡಬೇಕಿಲ್ಲ. ಸರ್ಕಾರಿ ನೌಕರರ ಮಕ್ಕಳಿಗೆ ಇದು ಹೆಚ್ಚು.

ಇಷ್ಟೆಲ್ಲ ಇರುವುದರಿಂದಲೇ ಪೈಪೋಟಿಯೂ ಇದೆ. ಒಂದು ವಿದ್ಯಾಲಯದಲ್ಲಿ 6ನೇ ತರಗತಿಗೆ ಹೆಚ್ಚೆಂದರೆ 80 ಸೀಟು. ಜಿಲ್ಲೆಯಲ್ಲಿ ಪರೀಕ್ಷೆ ಬರೆಯುವವರು ಸಾವಿರಾರು ಮಕ್ಕಳು.

ಸೀಟುಗಳ ಲೆಕ್ಕ

ಒಟ್ಟು ಸೀಟಿನಲ್ಲಿ ಕನಿಷ್ಠ ಶೇಕಡ 75 ಹಳ್ಳಿ ಮಕ್ಕಳಿಗೆ. 80ರಲ್ಲಿ 60 ಎಂದಾಯಿತು. ಉಳಿದವು ಹಳ್ಳಿ, ಪೇಟೆ ಎರಡೂ ಕಡೆಯ ಮಕ್ಕಳಿಗೆ ಅಂಕದ ಮೇಲೆ. ಕನಿಷ್ಠ ಮೂರನೇ ಒಂದು ಭಾಗ ಹೆಣ್ಣುಮಕ್ಕಳಿಗೆ. ಪರಿಶಿಷ್ಟ ಜಾತಿ, ಪಂಗಡಕ್ಕೆ ಜಿಲ್ಲೆಯ ಜನಸಂಖ್ಯೆ ನೋಡಿ ಕೊಡುತ್ತಾರೆ. ಶೇಕಡ 15 ಮತ್ತು 7.5ಕ್ಕಿಂತ ಕಡಿಮೆ ಮಾಡುವಂತಿಲ್ಲ. ಇತರ ಹಿಂದುಳಿದ ವರ್ಗಕ್ಕೆ ಶೇಕಡ 27.

ಇಲ್ಲಿ ಎರಡು ಕಡೆ ನಮ್ಮವರು ಎಡವುತ್ತಾರೆ.

ಒಂದು, ಹಳ್ಳಿ ಮಗು ಎಂದರೆ ಹಳ್ಳಿಯಲ್ಲಿ ಮನೆ ಇರುವ ಮಗು ಎಂದಷ್ಟೇ ಅಲ್ಲ. 3, 4 ಮತ್ತು 5ನೇ ತರಗತಿ, ಮೂರೂ ವರ್ಷ ಪೂರ್ತಿ, ಹಳ್ಳಿಯಲ್ಲಿರುವ ಸರ್ಕಾರಿ, ಅನುದಾನಿತ ಅಥವಾ ಮಾನ್ಯತೆ ಪಡೆದ ಶಾಲೆಯಲ್ಲಿ ಓದಿರಬೇಕು. ಈ ಮೂರು ವರ್ಷದಲ್ಲಿ ಒಂದೇ ಒಂದು ದಿನ ಪೇಟೆ ಶಾಲೆಯ ಹಾಜರಿಯಲ್ಲಿ ಹೆಸರಿದ್ದರೂ ಪೇಟೆ ಮಗು ಎಂದೇ ಲೆಕ್ಕ. ಹಾಗಾಗಿ ಮೂರನೇ ತರಗತಿ ಮುಗಿದ ಮೇಲೆ "ಪೇಟೆಗೆ ಹಾಕಿದ್ರೆ ಒಳ್ಳೇದು" ಎಂದು ಯಾರಾದರೂ ಹೇಳಿದರೆ ಈ ಮಾತು ನೆನಪಿರಲಿ. ನಿಮ್ಮ ಶಾಲೆ ಇರುವ ಜಾಗ ಗ್ರಾಮ ಪಂಚಾಯಿತಿಗೆ ಸೇರಿದೆಯೋ, ಪಟ್ಟಣ ಪಂಚಾಯಿತಿಗೋ ಎಂದು ಹೆಡ್‌ಮಾಸ್ಟರರನ್ನು ಕೇಳಿ ತಿಳಿದುಕೊಳ್ಳಿ.

ಎರಡು, ಹಿಂದುಳಿದ ವರ್ಗದ ಮೀಸಲಾತಿ ಕೇಂದ್ರ ಸರ್ಕಾರದ ಪಟ್ಟಿಯ ಪ್ರಕಾರ. ನಮ್ಮ ಕೈಯಲ್ಲಿರುವ 2ಎ, 3ಎ ಪ್ರಮಾಣಪತ್ರ ರಾಜ್ಯದ್ದು, ಇಲ್ಲಿಗೆ ಅದು ಸಾಲದು. ನಾಡಕಚೇರಿಯಲ್ಲಿ ಕೇಂದ್ರದ ಓ.ಬಿ.ಸಿ. ಪ್ರಮಾಣಪತ್ರವೇ ಬೇಕು ಎಂದು ಬಾಯಿಬಿಟ್ಟು ಹೇಳಿ ಅರ್ಜಿ ಕೊಡಿ.

ಯಾರು ಬರೆಯಬಹುದು?

ಅರ್ಜಿ ಹಾಕುವ ವರ್ಷ ಮಗು ಅದೇ ಜಿಲ್ಲೆಯಲ್ಲಿ ವಾಸವಿದ್ದು, ಅದೇ ಜಿಲ್ಲೆಯ ಶಾಲೆಯಲ್ಲಿ 5ನೇ ತರಗತಿ ಓದುತ್ತಿರಬೇಕು. ವಯಸ್ಸಿಗೂ ಮಿತಿ ಇದೆ. 2026-27ನೇ ಸಾಲಿನ ಪ್ರವೇಶಕ್ಕೆ 2014ರ ಮೇ 1ರಿಂದ 2016ರ ಜುಲೈ 31ರೊಳಗೆ ಹುಟ್ಟಿದವರಿಗೆ ಅವಕಾಶವಿತ್ತು. ಪ್ರತಿ ವರ್ಷ ಈ ದಿನಾಂಕ ಒಂದೊಂದು ವರ್ಷ ಮುಂದಕ್ಕೆ ಹೋಗುತ್ತದೆ. ಪರೀಕ್ಷೆ ಬರೆಯಲು ಒಂದೇ ಸಲ ಅವಕಾಶ. ಇನ್ನೊಮ್ಮೆ ಬರೆಸೋಣ ಎಂದು ಮಗುವನ್ನು ಮತ್ತೆ ಐದನೇ ತರಗತಿಯಲ್ಲಿ ಕೂರಿಸುವುದು ವ್ಯರ್ಥ, ಮಗುವಿಗೆ ಅನ್ಯಾಯವೂ ಹೌದು.

ಅರ್ಜಿಯನ್ನು ನವೋದಯ ವಿದ್ಯಾಲಯ ಸಮಿತಿಯ ಜಾಲತಾಣದಲ್ಲಿ ಹಾಕಬೇಕು. ಅರ್ಜಿಗೆ ಶುಲ್ಕ ಇಲ್ಲ. ಸೈಬರ್ ಅಂಗಡಿಯವರು ತಮ್ಮ ಕೆಲಸಕ್ಕೆ ಸ್ವಲ್ಪ ದುಡ್ಡು ತೆಗೆದುಕೊಳ್ಳಬಹುದು, ಅಷ್ಟೇ. ಹೆಡ್‌ಮಾಸ್ಟರರು ಸಹಿ ಮಾಡಿದ ಪ್ರಮಾಣಪತ್ರ, ಮಗುವಿನ ಫೋಟೋ, ಮಗುವಿನ ಮತ್ತು ಪೋಷಕರ ಸಹಿ, ಆಧಾರ್ ವಿವರ ಬೇಕು. ಜನನ ಪ್ರಮಾಣಪತ್ರ, ಶಾಲೆಯ ದಾಖಲೆ, ಆಧಾರ್ ಮೂರರಲ್ಲೂ ಹೆಸರು, ಹುಟ್ಟಿದ ದಿನ ಒಂದೇ ಇದೆಯಾ ಎಂದು ಮಗು ನಾಲ್ಕನೇ ತರಗತಿಯಲ್ಲಿರುವಾಗಲೇ ನೋಡಿಕೊಳ್ಳಿ. ತಪ್ಪಿದ್ದರೆ ತಿದ್ದಿಸಲು ತಿಂಗಳುಗಟ್ಟಲೆ ಓಡಾಡಬೇಕಾಗುತ್ತದೆ.

ಪರೀಕ್ಷೆಯ ದಿನ ಪ್ರತಿ ವರ್ಷ ಒಂದೇ ಇರುವುದಿಲ್ಲ. 2025-26ನೇ ಸಾಲಿಗೆ 2025ರ ಜನವರಿ 18ರಂದು ನಡೆಯಿತು. ಮುಂದಿನ ಸಾಲಿಗೆ ಅದೇ ವರ್ಷ ಡಿಸೆಂಬರ್ 13ಕ್ಕೇ ಬಂತು. "ಹೋದ ವರ್ಷ ಜನವರಿಯಲ್ಲಿ ಇತ್ತು" ಎಂದು ಸುಮ್ಮನೆ ಕೂರಬಾರದು. ಶಾಲೆ ಶುರುವಾದ ಜೂನ್ ತಿಂಗಳಿಂದಲೇ ವಿಚಾರಿಸುತ್ತಿರಿ.

ಪರೀಕ್ಷೆ ಹೇಗಿರುತ್ತದೆ?

ಒಟ್ಟು 2 ಗಂಟೆ, 80 ಪ್ರಶ್ನೆ, 100 ಅಂಕ. ಮಾನಸಿಕ ಸಾಮರ್ಥ್ಯಕ್ಕೆ 40 ಪ್ರಶ್ನೆ, 50 ಅಂಕ. ಗಣಿತಕ್ಕೆ 20 ಪ್ರಶ್ನೆ, 25 ಅಂಕ. ಭಾಷೆಗೆ 20 ಪ್ರಶ್ನೆ, 25 ಅಂಕ. ಕನ್ನಡದಲ್ಲೇ ಬರೆಯಬಹುದು, ಅರ್ಜಿಯಲ್ಲಿ ಭಾಷೆ ಕನ್ನಡ ಎಂದು ಗುರುತು ಮಾಡಿದ್ದಾರಾ ನೋಡಿಕೊಳ್ಳಿ. ಕೊಟ್ಟ ಉತ್ತರಗಳಲ್ಲಿ ಸರಿಯಾದದ್ದನ್ನು ಆರಿಸಿ, ಓ.ಎಂ.ಆರ್. ಹಾಳೆಯಲ್ಲಿ ಆ ಗುಂಡು ತುಂಬಬೇಕು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಆದ್ದರಿಂದ ಯಾವ ಪ್ರಶ್ನೆಯನ್ನೂ ಖಾಲಿ ಬಿಡಬಾರದು ಎಂದು ಮಗುವಿಗೆ ಹೇಳಿಕೊಡಿ.

ಅರ್ಧ ಅಂಕ ಇರುವುದು ಚಿತ್ರಗಳ ಪ್ರಶ್ನೆಗೆ. ಗುಂಪಿಗೆ ಸೇರದ ಚಿತ್ರ ಯಾವುದು, ಕನ್ನಡಿಯಲ್ಲಿ ಹೇಗೆ ಕಾಣುತ್ತದೆ, ಮುಂದೆ ಯಾವ ಚಿತ್ರ ಬರುತ್ತದೆ, ಈ ತರಹ. ಇದು ಬಾಯಿಪಾಠದಿಂದ ಬರುವುದಿಲ್ಲ, ಅಭ್ಯಾಸದಿಂದ ಬರುತ್ತದೆ. ಹಳೆಯ ಪ್ರಶ್ನೆಪತ್ರಿಕೆಗಳನ್ನು ತಂದು ದಿನಾ ಅರ್ಧ ಗಂಟೆ ಮಾಡಿಸಿದರೆ ಸಾಕು. ಗಣಿತಕ್ಕೆ ಸಂತೆಗೆ ಕರೆದುಕೊಂಡು ಹೋಗಿ ತೂಕ, ಚಿಲ್ಲರೆ, ಲಾಭ-ನಷ್ಟದ ಲೆಕ್ಕ ಕೇಳಿ. ಭಾಷೆಗೆ ದಿನಾ ಒಂದು ಪುಟ ಜೋರಾಗಿ ಓದಿಸಿ, "ಏನು ಅರ್ಥ ಆಯ್ತು ಹೇಳು" ಅನ್ನಿ. ನಿಮಗೆ ಓದಲು ಬರದಿದ್ದರೂ ಇಷ್ಟು ಮಾಡಬಹುದು.

ಕೋಚಿಂಗ್ ತಪ್ಪು ಎಂದು ನಾವು ಹೇಳುವುದಿಲ್ಲ. ಆದರೆ ಅದಕ್ಕಾಗಿ ಸಾಲ ಮಾಡುವ ಮೊದಲು ಸಂಘದಲ್ಲಿ ಮಾತಾಡಿ. ಒಂದೇ ಊರಿನಲ್ಲಿ ಐದಾರು ಮಕ್ಕಳಿದ್ದರೆ, ಡಿಗ್ರಿ ಓದುತ್ತಿರುವ ಊರಿನದೇ ಹುಡುಗಿಯೊಬ್ಬಳಿಗೆ ಸ್ವಲ್ಪ ಗೌರವಧನ ಕೊಟ್ಟು ಸಂಜೆ ಹೇಳಿಕೊಡಲು ಕೇಳಬಹುದು. "ಸೀಟು ಮಾಡಿಸಿ ಕೊಡ್ತೀನಿ, ಇಷ್ಟು ಕೊಡಿ" ಎಂದು ಬರುವವರಿಗೆ ಒಂದು ಪೈಸೆಯನ್ನೂ ಕೊಡಬೇಡಿ. ಪರೀಕ್ಷೆಯ ಅಂಕ, ಮೀಸಲಾತಿ ಬಿಟ್ಟರೆ ಬೇರೆ ದಾರಿ ಇಲ್ಲ.

ಮಗುವನ್ನೂ ಕೇಳಿ

ಹತ್ತು ಹನ್ನೊಂದು ವರ್ಷದ ಮಗು ಮನೆ ಬಿಟ್ಟು ಹಾಸ್ಟೆಲಿನಲ್ಲಿ ಇರಬೇಕು. ಮೊದಲ ತಿಂಗಳುಗಳು ಅಳು ಇದ್ದದ್ದೇ. ಮೇಲಿನ ತರಗತಿಗೆ ಹೋದಂತೆ ಪಾಠ ಕನ್ನಡ ಬಿಟ್ಟು ಇಂಗ್ಲಿಷ್, ಹಿಂದಿಗೆ ತಿರುಗುತ್ತದೆ. 9ನೇ ತರಗತಿಯಲ್ಲಿ ಶೇಕಡ 30ರಷ್ಟು ಮಕ್ಕಳನ್ನು ಒಂದು ವರ್ಷ ಹಿಂದಿ ಮಾತಾಡುವ ರಾಜ್ಯದ ನವೋದಯಕ್ಕೆ ಕಳಿಸುತ್ತಾರೆ. ಇದೆಲ್ಲ ಮಗುವಿಗೂ, ಮನೆಯಲ್ಲಿ ಅಜ್ಜಿ-ತಾತನಿಗೂ ಮೊದಲೇ ಹೇಳಿ. ಮಗುವಿಗೆ ಮನಸ್ಸಿಲ್ಲದಿದ್ದರೆ ಒತ್ತಾಯ ಬೇಡ.

ಬೇರೆ ಬಾಗಿಲುಗಳೂ ಇವೆ

ನವೋದಯ ಒಂದನ್ನೇ ನಂಬಿ ಕೂರಬೇಡಿ. ರಾಜ್ಯ ಸರ್ಕಾರದ ಮೊರಾರ್ಜಿ ದೇಸಾಯಿ ವಸತಿ ಶಾಲೆ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳಿಗೂ 6ನೇ ತರಗತಿಗೆ ಪ್ರವೇಶ ಪರೀಕ್ಷೆ ಇದೆ. ಈಚಿನ ವರ್ಷಗಳಲ್ಲಿ ಅದನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುತ್ತಿದೆ. ಅಲ್ಲಿ ಆದಾಯ ಮಿತಿ ಇರುವುದರಿಂದ ಜಾತಿ ಮತ್ತು ಆದಾಯ ಪ್ರಮಾಣಪತ್ರ ಮೊದಲೇ ಮಾಡಿಸಿಡಿ. ಮನೆಯಿಂದಲೇ ಓಡಾಡಿ ಓದುವುದಾದರೆ ಕೆಲವು ತಾಲ್ಲೂಕುಗಳಲ್ಲಿ ಆದರ್ಶ ವಿದ್ಯಾಲಯ ಇದೆ, ಅದಕ್ಕೂ ಪರೀಕ್ಷೆ ಇದೆ. ಈ ಅರ್ಜಿಗಳೆಲ್ಲ ಬೇರೆ ಬೇರೆ. ಒಂದು ಹಾಕಿದರೆ ಎಲ್ಲದಕ್ಕೂ ಆಯಿತು ಎಂದುಕೊಳ್ಳಬೇಡಿ.

ಯಾವುದೂ ಸಿಗಲಿಲ್ಲ ಎನ್ನಿ. ನವೋದಯದಲ್ಲಿ ಸೀಟು ಖಾಲಿ ಇದ್ದರೆ 9ನೇ ತರಗತಿಗೆ ಮತ್ತೆ ಪರೀಕ್ಷೆ ಇರುತ್ತದೆ. ಸರ್ಕಾರಿ, ಅನುದಾನಿತ ಶಾಲೆಯಲ್ಲೇ ಓದುವ ಮಕ್ಕಳು 8ನೇ ತರಗತಿಯಲ್ಲಿ ಎನ್.ಎಂ.ಎಂ.ಎಸ್. ಪರೀಕ್ಷೆ ಬರೆಯಬಹುದು. ಆಯ್ಕೆಯಾದರೆ 9ರಿಂದ 12ನೇ ತರಗತಿವರೆಗೆ ವರ್ಷಕ್ಕೆ 12,000 ರೂಪಾಯಿ ವಿದ್ಯಾರ್ಥಿವೇತನ. ಮನೆಯ ವಾರ್ಷಿಕ ಆದಾಯ ಮೂರೂವರೆ ಲಕ್ಷ ಮೀರಿರಬಾರದು.

ಮೊದಲು ಹೇಳಿದ ಆ ಮಗು ಈಗ ಊರ ಹತ್ತಿರದ ಸರ್ಕಾರಿ ಪ್ರೌಢಶಾಲೆಯಲ್ಲಿ ಚೆನ್ನಾಗಿ ಓದುತ್ತಿದೆ. ಆದರೆ ಫಲಿತಾಂಶ ಬಂದ ದಿನ ಅವಳು ಅಮ್ಮನಿಗೆ ಹೇಳಿದ ಮಾತು ನಮಗೆ ಮರೆಯಲಾಗಿಲ್ಲ: "ನಾನು ದಡ್ಡಿ ಅಲ್ವಾ ಅಮ್ಮಾ?" ಸಾವಿರಾರು ಮಕ್ಕಳು ಬರೆದು 80 ಮಕ್ಕಳಿಗೆ ಸಿಗುವ ಸೀಟು ಅದು. ಸಿಗದ ಮಕ್ಕಳು ದಡ್ಡರಲ್ಲ. ಈ ಮಾತನ್ನು ಪರೀಕ್ಷೆಗೆ ಮೊದಲೇ ಮಗುವಿಗೆ ಹೇಳಿಬಿಡಿ.

ಮುಂದಿನ ಸಭೆಯಲ್ಲಿ ಚರ್ಚಿಸಿ, ನಡಾವಳಿ ಪುಸ್ತಕದಲ್ಲಿ ಬರೆಯಿರಿ:

1. ನಮ್ಮ ಸಂಘದಲ್ಲಿ 3, 4, 5ನೇ ತರಗತಿ ಓದುವ ಮಕ್ಕಳು ಎಷ್ಟು ಮಂದಿ? ಯಾವ ಶಾಲೆ?

2. ಯಾರ ಮಗುವಿನ ಜನನ ಪ್ರಮಾಣಪತ್ರ, ಆಧಾರ್, ಶಾಲಾ ದಾಖಲೆ ತಾಳೆಯಾಗುತ್ತಿಲ್ಲ?

3. ಜೂನ್ ತಿಂಗಳಿಂದ ಅರ್ಜಿ ದಿನಾಂಕ ವಿಚಾರಿಸಿ ಎಲ್ಲರಿಗೂ ತಿಳಿಸುವ ಜವಾಬ್ದಾರಿ ಯಾವ ಸದಸ್ಯೆಯದು?

4. ಕೋಚಿಂಗಿಗೆ ಸಾಲ ಕೇಳಿದರೆ, ಕೊಡುವ ಮೊದಲು ನಾವು ಏನೇನು ಕೇಳಬೇಕು?