ಆನೆ ಲದ್ದಿಯ ಬಳಿ ಗಾಡಿ ನಿಲ್ಲಿಸಿ

ಆಫ್ರಿಕಾ ಖಂಡದ ದಕ್ಷಿಣ ತುದಿಗೆ ಮಕ್ಕಳೊಂದಿಗೆ ಹೋಗುವವರ ಕಣ್ಣೆಲ್ಲ ಸಿಂಹ, ಆನೆ, ಘೇಂಡಾಮೃಗಗಳ ಮೇಲೆ. ಅವು ಕಾಣುವುದು ಅದೃಷ್ಟ. ಸಗಣಿ ಜೀರುಂಡೆಗೆ ಅಷ್ಟೊಂದು ಅದೃಷ್ಟ ಬೇಡ. ಮಳೆ ಬಿದ್ದ ಬಿಸಿಲಿನ ದಿನಗಳಲ್ಲಿ ಹೊಸ ಲದ್ದಿ ಇದ್ದಲ್ಲಿ ಅದೂ ಇರುತ್ತದೆ.

ದಕ್ಷಿಣ ಆಫ್ರಿಕಾದ ಪೂರ್ವ ಕೇಪ್ ಪ್ರಾಂತ್ಯದ ಅಡ್ಡೊ ಆನೆ ಉದ್ಯಾನವನ್ನೇ ನೋಡಿ. ಅಳಿದುಳಿದ ಆನೆಗಳ ರಕ್ಷಣೆಗೆಂದು 1931ರಲ್ಲಿ ಹುಟ್ಟಿದ ಈ ಕಾಡಿನ ರಸ್ತೆಗಳಲ್ಲಿ ಜೀರುಂಡೆಗೆ ದಾರಿ ಬಿಡಿ, ಲದ್ದಿಯ ಮೇಲೆ ಗಾಡಿ ಹತ್ತಿಸಬೇಡಿ ಎಂಬ ಫಲಕಗಳಿವೆ. ಇಲ್ಲಿನ ದೊಡ್ಡ ಕಪ್ಪು ಜೀರುಂಡೆಗೆ ಹಾರಲು ಬರುವುದಿಲ್ಲ. ಚಕ್ರದಡಿಯಿಂದ ತಪ್ಪಿಸಿಕೊಳ್ಳುವ ಬಗೆ ಅದಕ್ಕೆ ಗೊತ್ತಿಲ್ಲ. ಹೆಣ್ಣು ಹಿಂಗಾಲುಗಳಿಂದ ಲದ್ದಿಯ ಉಂಡೆ ತಳ್ಳುತ್ತ ಹೋಗುತ್ತದೆ, ಗಂಡು ಹಿಂದೆ ಹಿಂದೆ. ಉಂಡೆ ಮಣ್ಣು ಸೇರುತ್ತದೆ, ಒಳಗೆ ಮರಿ ಬೆಳೆಯುತ್ತದೆ. ಕಾಡಿನ ನೆಲಕ್ಕೆ ಗೊಬ್ಬರ ಹಾಕುವವರು ಇವರೇ. ಗಾಡಿಯಿಂದ ಇಳಿಯುವಂತಿಲ್ಲ, ಆದರೂ ಕಿಟಕಿಯಿಂದ ಇಷ್ಟನ್ನೂ ನೋಡಬಹುದು.

ರಾತ್ರಿ ದುಡಿಯುವ ಇನ್ನೊಂದು ಜಾತಿಯ ಕಥೆ ಮತ್ತೂ ಸೊಗಸು. ಲದ್ದಿಯ ರಾಶಿಯ ಬಳಿ ಕಳ್ಳರ ಕಾಟ; ಕಟ್ಟಿದ ಉಂಡೆಯನ್ನು ಇನ್ನೊಂದು ಜೀರುಂಡೆ ಕಸಿದುಕೊಳ್ಳಬಹುದು. ಉಳಿಯಬೇಕಾದರೆ ಆದಷ್ಟು ಬೇಗ, ನೇರವಾಗಿ ದೂರ ಸಾಗಬೇಕು. ಆದರೆ ಅದು ಉರುಳಿಸುವುದು ತಲೆ ಕೆಳಗೆ ಮಾಡಿ, ಹಿಮ್ಮುಖವಾಗಿ. ಚಂದ್ರನಿಲ್ಲದ ಕತ್ತಲಲ್ಲೂ ದಾರಿ ತಪ್ಪದು ಹೇಗೆ? ವಿಜ್ಞಾನಿಗಳಾದ ಮಾರೀ ಡಾಕೆ, ಮಾರ್ಕಸ್ ಬರ್ನ್ ಮತ್ತು ಸಂಗಡಿಗರು ಜೀರುಂಡೆಗಳ ತಲೆಗೆ ಪುಟ್ಟ ರಟ್ಟಿನ ಟೋಪಿ ಹಾಕಿ ನೋಡಿದರು. ಆಕಾಶ ಮರೆಯಾಯಿತು, ನಡೆ ಸೊಟ್ಟಗಾಯಿತು. ಬಳಿಕ ಜೋಹಾನ್ಸ್‌ಬರ್ಗ್‌ನ ತಾರಾಲಯಕ್ಕೆ ಒಯ್ದು, ಉಳಿದ ತಾರೆಗಳನ್ನೆಲ್ಲ ಆರಿಸಿ ಆಕಾಶಗಂಗೆಯ ಪಟ್ಟಿಯೊಂದನ್ನೇ ಬೆಳಗಿಸಿದರು. ನಡೆ ಮತ್ತೆ ನೇರವಾಯಿತು! 2013ರಲ್ಲಿ ಪ್ರಕಟವಾದ ಈ ಅಧ್ಯಯನದಿಂದ, ಆಕಾಶಗಂಗೆಯ ಬೆಳಕನ್ನು ಹಿಡಿದು ನಡೆಯುವ ಪ್ರಾಣಿಯೊಂದಿದೆ ಎಂಬುದು ಮೊದಲ ಬಾರಿಗೆ ತಿಳಿಯಿತು. ಉಂಡೆಯ ಮೇಲೆ ಹತ್ತಿ ಅದು ಒಂದು ಸುತ್ತು ತಿರುಗುವುದು ಕುಣಿತದಂತೆ ಕಂಡರೂ, ದಿಕ್ಕು ಗೊತ್ತುಮಾಡಿಕೊಳ್ಳುವ ಕೆಲಸ ಅದು. ಮಕ್ಕಳಿಗೆ ಇದನ್ನು ಹೇಳಿ, ಆ ರಾತ್ರಿಯೇ ಅವರನ್ನು ಆಕಾಶದ ಕೆಳಗೆ ನಿಲ್ಲಿಸಬೇಕು. ನಗರದ ಮಕ್ಕಳು ಆಕಾಶಗಂಗೆಯನ್ನು ನೋಡಿರುವುದೇ ಅಪರೂಪ.

ಪಶ್ಚಿಮಕ್ಕೆ ನಮೀಬ್ ಮರುಭೂಮಿ. ಮಳೆ ಬರುವುದೇ ವಿರಳ; ತಣ್ಣನೆಯ ಬೆಂಗ್ವೆಲಾ ಸಾಗರ ಪ್ರವಾಹದಿಂದಾಗಿ ಕಡಲ ಕಡೆಯಿಂದ ಮಂಜು ಮಾತ್ರ ಬರುತ್ತದೆ. ಅಲ್ಲಿನ ಒಂದು ಕಪ್ಪು ಜೀರುಂಡೆ ನಸುಕಿನಲ್ಲಿ ಮರಳುದಿಬ್ಬದ ನೆತ್ತಿಗೇರಿ, ಗಾಳಿಗೆ ಎದುರಾಗಿ ತಲೆ ತಗ್ಗಿಸಿ ಬೆನ್ನೆತ್ತಿ ನಿಲ್ಲುತ್ತದೆ. ಬೆನ್ನ ಮೇಲೆ ಕಟ್ಟಿದ ಹನಿ ಜಾರಿ ನೇರ ಬಾಯಿಗೆ. ಒಂದೇ ಬೆಳಗ್ಗೆ ತನ್ನ ತೂಕದ ಮೂರನೇ ಒಂದು ಭಾಗದಷ್ಟು ನೀರು ಗಳಿಸಿದ್ದೂ ದಾಖಲಾಗಿದೆ.

ಬೋಟ್ಸ್‌ವಾನಾದಲ್ಲಂತೂ ಕೀಟವೇ ನಾಣ್ಯವೇರಿದೆ. ಅಲ್ಲಿನ 5 ಪುಲಾ ನಾಣ್ಯದ ಮೇಲಿರುವುದು ಮೊಪಾನೆ ಹುಳು, ದೊಡ್ಡ ಪತಂಗವೊಂದರ ಕಂಬಳಿಹುಳು. ಮೊಪಾನೆ ಮರದ ಎಲೆ ತಿಂದು ಕೊಬ್ಬುವ ಇದನ್ನು ಹಳ್ಳಿಯವರು ಕೈಯಲ್ಲೇ ಆಯ್ದು, ಕರುಳು ಹಿಂಡಿ ತೆಗೆದು, ಉಪ್ಪುನೀರಿನಲ್ಲಿ ಬೇಯಿಸಿ ಒಣಗಿಸುತ್ತಾರೆ. ಪ್ರೋಟೀನು ಸಮೃದ್ಧ, ತಿಂಗಳುಗಟ್ಟಲೆ ಕೆಡದು, ಬಡ ಮನೆಗಳಿಗೆ ಆದಾಯವೂ ಹೌದು. ಸಂತೆಯಲ್ಲಿ ರಾಶಿ ಕಂಡು ಮೂಗು ಮುರಿಯುವ ಬದಲು ಮಾರುವ ಹೆಂಗಸರನ್ನು ಮಾತಾಡಿಸಬೇಕು. ಮರದಲ್ಲಿ ಒಂದಷ್ಟು ಹುಳು ಉಳಿಸಲೇಬೇಕು; ಅವು ಮಣ್ಣಿಗಿಳಿದು ಕೋಶವಾದರಷ್ಟೇ ಮುಂದಿನ ಸಲ ಪತಂಗ, ಮೊಟ್ಟೆ, ಮತ್ತೆ ಬೆಳೆ. ಬೇಡಿಕೆ ಹೆಚ್ಚಿದ ಕಡೆಗಳಲ್ಲಿ ಪೂರ್ತಿ ಬಾಚಿಕೊಳ್ಳುವ ಆತುರವೇ ಈಗ ಈ ಹುಳುವಿಗಿರುವ ದೊಡ್ಡ ಅಪಾಯಗಳಲ್ಲೊಂದು.