ಪಯಣಿಗರ ವಾಹನಾಯ್ಕೆ: ಗೋಕಾಕ ಸೀಮೆಯ ನಿದರ್ಶನ

ಗೋಕಾಕ, ಮೂಡಲಗಿ, ಹುಕ್ಕೇರಿ ಈ ಮೂರು ಪಟ್ಟಣಗಳಲ್ಲಿ ಒಂದರೊಳಗೂ ರೈಲು ನಿಲ್ದಾಣವಿಲ್ಲ. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆಯವರು ಬೆಳಗಾವಿಯಿಂದ ಮೀರಜದ ಕಡೆಗೆ ಹಾಕಿದ ಹಳಿಯು ಪಾಚ್ಛಾಪುರ, ಗೋಕಾಕ ರೋಡ್, ಘಟಪ್ರಭಾಗಳನ್ನು ಮುಟ್ಟಿ, ಈ ಪೇಟೆಗಳನ್ನು ಪಕ್ಕಕ್ಕೆ ಬಿಟ್ಟು ಸಾಗಿತು. ಹೆಸರಿಗೆ 'ರೋಡ್' ಅಂಟಿಕೊಂಡ ನಿಲ್ದಾಣವು ಊರಲ್ಲ, ಊರಿನ ದಾರಿ ಮಾತ್ರವೆಂಬುದು ರೈಲಿನಲ್ಲಿ ತಿರುಗಿದವರಿಗೆಲ್ಲ ತಿಳಿದದ್ದೇ. ಆದಕಾರಣ ಬೆಳಗಾವಿಗೆ ಹೊರಟ ಮೂಡಲಗಿಯವನು ಬಸ್ಸನ್ನೂ ರೈಲನ್ನೂ ತೂಗಿ ನೋಡುವನೆಂಬುದು ಅರ್ಧ ಮಾತು. ತಕ್ಕಡಿಯ ಒಂದು ತಟ್ಟೆಯಲ್ಲಿ ಬಸ್ಸು. ಇನ್ನೊಂದರಲ್ಲಿ ನಿಲ್ದಾಣದವರೆಗಿನ ಟಂಟಂ, ಅಲ್ಲಿ ಕಾಯುವ ಹೊತ್ತು, ಆಮೇಲೆ ರೈಲು.

ಇಂಥ ತೂಗುವಿಕೆಯನ್ನು ಗಣಿತಕ್ಕೆ ಇಳಿಸಿದವರಲ್ಲಿ 2000ದಲ್ಲಿ ನೊಬೆಲ್ ಪ್ರಶಸ್ತಿ ಪಡೆದ ಅಮೆರಿಕದ ಅರ್ಥಶಾಸ್ತ್ರಜ್ಞ ಡೇನಿಯಲ್ ಮ್ಯಾಕ್‌ಫ್ಯಾಡನ್ ಪ್ರಮುಖರು. ದರ, ಪ್ರಯಾಣದ ವೇಳೆ, ಕಾಯುವ ವೇಳೆ ಇವುಗಳಿಗೆ ತಕ್ಕ ತೂಕ ಕೊಟ್ಟು ಪ್ರತಿಯೊಂದು ವಾಹನದ 'ಉಪಯುಕ್ತತೆ'ಯನ್ನು ಲೆಕ್ಕಿಸುವುದು ಮೊದಲ ಕೆಲಸ. ಪಯಣಿಗನ ಮನಸ್ಸಿನ ಕಾರಣಗಳೆಲ್ಲ ಲೆಕ್ಕಿಗನಿಗೆ ಕಾಣವಷ್ಟೆ; ಆದ್ದರಿಂದ ಫಲವು ನಿಶ್ಚಯವಾಗಿರದೆ ಸಂಭವನೀಯತೆಯಾಗಿರುತ್ತದೆ. ಎರಡು ವಾಹನಗಳ ಉಪಯುಕ್ತತೆ ಸಮವಾದಲ್ಲಿ ನೂರಕ್ಕೆ 50 ಮಂದಿ ಒಂದೊಂದನ್ನು ಹಿಡಿಯುವರು. ಒಂದರದು 1 ಅಂಶ ಹೆಚ್ಚಿದರೆ ಸುಮಾರು 73 ಮಂದಿ ಅದರತ್ತ ಸರಿಯುವರು. ಇದೇ 'ಲಾಜಿಟ್' ಸೂತ್ರ. ಸ್ಯಾನ್‌ಫ್ರಾನ್ಸಿಸ್ಕೊ ಕೊಲ್ಲಿ ಪ್ರದೇಶದಲ್ಲಿ 1972ರಲ್ಲಿ ಆರಂಭವಾದ ಹೊಸ ರೈಲನ್ನು ನೂರಕ್ಕೆ 15 ಮಂದಿ ಹಿಡಿಯುವರೆಂದು ಅಧಿಕೃತ ಅಂದಾಜಿತ್ತು. ಸೂತ್ರವು 6.3 ಎಂದಿತು, ನಿಜದಲ್ಲಿ ಬಂದುದು 6.2.

ಸೂತ್ರಕ್ಕೆ ಒಂದು ಪ್ರಸಿದ್ಧ ದೋಷವೂ ಉಂಟು. ಅರ್ಧ ಜನ ಕಾರಿನಲ್ಲಿ, ಅರ್ಧ ಜನ ಕೆಂಪು ಬಸ್ಸಿನಲ್ಲಿ ಹೋಗುತ್ತಿರುವಾಗ ಅಂಥದೇ ಬಸ್ಸೊಂದಕ್ಕೆ ನೀಲಿ ಬಣ್ಣ ಬಳಿದು ಓಡಿಸಿದರೆ, ಮೂರಕ್ಕೂ ಸಮಪಾಲೆಂದು ಅದು ಹೇಳುತ್ತದೆ. ಬಣ್ಣಕ್ಕೆ ಮರುಳಾಗಿ ಕಾರಿನಿಂದಿಳಿಯುವವರುಂಟೆ? ಕೆಂಪು ಬಸ್ಸನ್ನೇ ಸರ್ಕಾರಿ ಬಸ್ಸಿನ ಪರ್ಯಾಯನಾಮವಾಗಿ ಬಳಸುವ ನಮ್ಮ ನಾಡಿನವರಿಗೆ ಈ ದೃಷ್ಟಾಂತ ಬೇಗ ಹಿಡಿಸೀತು.

ಆದರೆ ನಮ್ಮ ಸೀಮೆಗೆ ಹೆಚ್ಚು ತೊಡಕಿನ ಪ್ರಶ್ನೆ ಬೇರೊಂದಿದೆ. 2023ರ ಜೂನ್ 11ರಂದು ಶಕ್ತಿ ಯೋಜನೆಯು ಜಾರಿಗೆ ಬಂದು, ರಾಜ್ಯದೊಳಗಿನ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಕರ್ನಾಟಕದ ಮಹಿಳೆಯರಿಗೆ ದರವೆಂಬ ಅಂಕಿಯೇ ಸೊನ್ನೆಯಾಯಿತು. ಹೀಗಿದ್ದೂ ಹುಕ್ಕೇರಿಯ ಸುತ್ತಿನ ಹಳ್ಳಿಯ ಕೂಲಿಕಾರಳೊಬ್ಬಳು ದುಡ್ಡು ಕೊಟ್ಟು ಟೆಂಪೊ ಹತ್ತಿದರೆ, ಅವಳಿಗೆ ಟೆಂಪೊ ಮೆಚ್ಚಿಗೆಯೆಂದು ಬರೆದುಕೊಳ್ಳೋಣವೆ? ಆ ಹೊತ್ತಿಗೆ ಬಸ್ಸೇ ಇಲ್ಲದಿದ್ದರೆ ಅವಳು ಆಯ್ದದ್ದಾದರೂ ಏನನ್ನು? ಇಲ್ಲದ ಬಸ್ಸನ್ನು ಲೆಕ್ಕಕ್ಕೆ ಹಿಡಿದ ಸೂತ್ರವು ಅವಳ ನಿರುಪಾಯವನ್ನು ಅಭಿರುಚಿಯೆಂದು ಓದುತ್ತದೆ. ಆ ಓದನ್ನು ನಂಬಿದ ಅಧಿಕಾರಿಯು ಆ ಮಾರ್ಗಕ್ಕೆ ಬಸ್ಸು ಅನಾವಶ್ಯಕವೆಂದು ತೀರ್ಮಾನಿಸಿದರೆ ಆಶ್ಚರ್ಯವಿಲ್ಲ. ಆದುದರಿಂದ ಟೆಂಪೊದಲ್ಲಿ ಕುಳಿತವರ ತಲೆಯೆಣಿಸುವ ಮೊದಲು, ಯಾವ ಹಳ್ಳಿಗೆ ಯಾವ ವೇಳೆಗೆ ಬಸ್ಸು ನಿಜವಾಗಿ ಬರುತ್ತದೆಂಬುದನ್ನು ಹಳ್ಳಿಯಲ್ಲಿಯೇ ನಿಂತು ಬರೆದುಕೊಳ್ಳತಕ್ಕದ್ದೆಂದು ನಾವು ಭಾವಿಸುತ್ತೇವೆ. ಡಿಪೋದ ಗೋಡೆಯ ಮೇಲಿನ ವೇಳಾಪಟ್ಟಿ ಅದಕ್ಕೆ ಸಾಲದು.