ಕಾಣದವರು ಕಲಿಸುವ ಮನೆ: ಗದುಗಿನ ವೀರೇಶ್ವರ ಪುಣ್ಯಾಶ್ರಮ

ತ್ರಿಕೂಟೇಶ್ವರನ ಕಡೆದ ಕಂಬಗಳಿಂದಲೂ, ವೀರನಾರಾಯಣನ ಸನ್ನಿಧಿಯಲ್ಲಿ ಕುಳಿತು ಭಾರತ ಬರೆದನೆಂದು ಜನ ನಂಬಿರುವ ಕುಮಾರವ್ಯಾಸನ ಹೆಸರಿನಿಂದಲೂ ಕನ್ನಡಿಗರಿಗೆಲ್ಲ ಪರಿಚಿತವಾದ ಗದುಗಿನಲ್ಲಿ, ಅಂಧ ಬಾಲಕರಿಗೆ ಅನ್ನ, ವಸತಿ, ಸಂಗೀತವಿದ್ಯೆಗಳನ್ನು ಧರ್ಮಾರ್ಥವಾಗಿ ನೀಡುತ್ತ ಬಂದಿರುವ ವೀರೇಶ್ವರ ಪುಣ್ಯಾಶ್ರಮವೂ ಇದೆ. ಇದನ್ನು ಅನಾಥಾಲಯಗಳ ಸಾಲಿಗೆ ಸೇರಿಸಿ, ದಾನಿಗಳ ಔದಾರ್ಯವನ್ನು ಕೊಂಡಾಡಿ ಮುಂದೆ ಸಾಗುವವರು ಅನೇಕರು. ಆ ಹೊಗಳಿಕೆ ಈ ಸ್ಥಳದ ಮಹತ್ತ್ವವನ್ನು ಮುಟ್ಟುವುದಿಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ. ದೃಷ್ಟಿಹೀನರಿಗೆ ಆಶ್ರಯ ಕೊಟ್ಟ ಸಂಸ್ಥೆಗಳು ನಾಡಿನಲ್ಲಿ ಬೇರೆಯೂ ಉಂಟು. ದೃಷ್ಟಿಹೀನನೇ ಗುರುಸ್ಥಾನದಲ್ಲಿ ಕುಳಿತು, ಕಣ್ಣುಳ್ಳ ಹುಡುಗರು ಆತನ ಬಳಿ ವರ್ಷಗಟ್ಟಲೆ ಇದ್ದು ವಿದ್ಯೆ ಪಡೆದ ಮನೆಗಳು ತೀರ ವಿರಳ.

ಈ ಮನೆಯ ಮೂಲಪುರುಷರಾದ ಪಂಚಾಕ್ಷರಿ ಗವಾಯಿಗಳು 1892ರಲ್ಲಿ ಹಾನಗಲ್ಲ ಸೀಮೆಯ ಕಾಡಶೆಟ್ಟಿಹಳ್ಳಿಯಲ್ಲಿ ಹುಟ್ಟಿದ ಜನ್ಮಾಂಧರು. ಬಾಲಕನ ಕಂಠಶ್ರೀಗೆ ಮನಸೋತ ಹಾನಗಲ್ಲ ಕುಮಾರಸ್ವಾಮಿಗಳು ಅವರನ್ನು ತಮ್ಮ ಆಶ್ರಯಕ್ಕೆ ತೆಗೆದುಕೊಂಡು, ಮೈಸೂರಿನಲ್ಲಿ ಕರ್ನಾಟಕ ಸಂಗೀತದ ಶಿಕ್ಷಣವನ್ನೂ, ಮೀರಜಿನ ನೀಲಕಂಠಬುವಾ ಅವರಿಂದ ಹಿಂದೂಸ್ತಾನೀ ಪದ್ಧತಿಯ ಶಿಕ್ಷಣವನ್ನೂ ಕೊಡಿಸಿದರು. ಕಲಿತುದನ್ನು ತಮ್ಮೊಬ್ಬರ ಜೀವನೋಪಾಯಕ್ಕೆ ಮೀಸಲಿಡದೆ, ಗವಾಯಿಗಳು ಶಿಷ್ಯರ ತಂಡವನ್ನು ಕಟ್ಟಿಕೊಂಡು ಊರಿಂದೂರಿಗೆ ಬಿಡಾರ ಹೂಡುತ್ತ ಸಂಚಾರಿ ಪಾಠಶಾಲೆಯನ್ನೇ ನಡೆಸಿದರು. ಗದುಗಿನಲ್ಲಿ ಸ್ಥಿರವಾದ ನೆಲೆ ದೊರೆತುದು ತರುವಾಯದ ಮಾತು.

ಸಂಗೀತವನ್ನೇ ಆರಿಸಿಕೊಂಡುದರಲ್ಲಿ ಒಂದು ಆಳವಾದ ವಿವೇಕವಿತ್ತು. ಹಿಂದೂಸ್ತಾನೀ ಸಂಗೀತದ ಪಾಠ ಗುರುಮುಖವಾಗಿಯೇ ಬರತಕ್ಕದ್ದು; ಪುಸ್ತಕವಾಗಲಿ ಕರಿಹಲಗೆಯಾಗಲಿ ಅಲ್ಲಿ ನಡುವೆ ನಿಲ್ಲುವುದಿಲ್ಲವಾದುದರಿಂದ, ಕಣ್ಣುಳ್ಳ ಶಿಷ್ಯನೂ ಇಲ್ಲದ ಶಿಷ್ಯನೂ ಒಂದೇ ಗೆರೆಯಿಂದ ಹೊರಡುತ್ತಾರೆ. ತಬಲದ ಮೊದಲ ಪಾಠವನ್ನೇ ನೋಡಿರಿ. ಗುರು ಹುಡುಗನ ಬೆರಳುಗಳನ್ನು ಹಿಡಿದು, ಉಂಗುರಬೆರಳನ್ನು ನಡುವಣ ಕಪ್ಪು ಲೇಪದ ಅಂಚಿಗೆ ಹಗುರವಾಗಿ ತಾಗಿಸಿ, ತೋರುಬೆರಳಿನಿಂದ ತಬಲದ ದಂಡೆಯನ್ನು ಹೊಡೆಸುತ್ತಾನೆ. ಲೇಪದ ಒರಟು ಎಲ್ಲಿ ಮುಗಿಯಿತು, ನುಣುಪಾದ ಚರ್ಮ ಎಲ್ಲಿ ಮೊದಲಾಯಿತು ಎಂಬುದನ್ನು ಚರ್ಮವೇ ಚರ್ಮಕ್ಕೆ ತಿಳಿಸುತ್ತದೆ. ‘ನಾ’ ಎಂಬ ನಾದ ಶುದ್ಧವಾಗಿ ಹೊಮ್ಮುವವರೆಗೆ ಕೈ ಹಿಡಿದ ಕೈ ಬಿಡುವುದಿಲ್ಲ. ಎಡಗೈ ಡಗ್ಗದ ಮೇಲೆ ಬರುವುದು ಆಮೇಲೆ. ಬೆಳಕಿದೆಯೋ ಕತ್ತಲೆಯಿದೆಯೋ ಎಂದು ಆ ಪಾಠ ವಿಚಾರಿಸದು.

1944ರಲ್ಲಿ ಪಂಚಾಕ್ಷರಿ ಗವಾಯಿಗಳು ಲಿಂಗೈಕ್ಯರಾದ ಮೇಲೆ ಆಶ್ರಮದ ಭಾರವನ್ನು ಹೊತ್ತವರು, ಎಳೆತನದಲ್ಲಿಯೇ ದೃಷ್ಟಿಯನ್ನು ಕಳೆದುಕೊಂಡಿದ್ದ ಅವರ ಶಿಷ್ಯ ಪುಟ್ಟರಾಜ ಗವಾಯಿಗಳು. ನೂರಾರು ಹೊಟ್ಟೆಗಳಿಗೆ ನಿತ್ಯ ರೊಟ್ಟಿ ಒದಗಿಸುವುದು ರಾಗಾಲಾಪಕ್ಕಿಂತ ಸುಲಭದ ಕಾರ್ಯವಲ್ಲ. ಅದಕ್ಕಾಗಿ ಅವರು ನಾಟಕ ಕಂಪನಿಯನ್ನು ನಡೆಸಿದರು, ತಾವೇ ನಾಟಕಗಳನ್ನು ರಚಿಸಿದರು. ಕನ್ನಡ, ಹಿಂದಿ, ಸಂಸ್ಕೃತ ಮೂರರಲ್ಲಿಯೂ ಗ್ರಂಥಗಳನ್ನು ಬರೆದರು. ಪದ್ಮಭೂಷಣ ಅವರಿಗೆ ಬಂದುದು 2010ರಲ್ಲಿ, ಅವರು ದೇಹಬಿಟ್ಟ ವರ್ಷದಲ್ಲಿಯೇ. ಜನರ ಬಾಯಲ್ಲಿ ಅವರು ಅದಕ್ಕೂ ಎಷ್ಟೋ ಮೊದಲಿನಿಂದ ‘ಅಜ್ಜಾರು’. ಇವರ ಬಳಿ ಕಲಿತು ಹಿಂದೂಸ್ತಾನೀ ಗಾಯಕರಾಗಿ ಹೆಸರಾದವರಲ್ಲಿ ಬಸವರಾಜ ರಾಜಗುರು ಪಂಚಾಕ್ಷರಿ ಗವಾಯಿಗಳ ಶಿಷ್ಯರು. ಬಳ್ಳಾರಿ ಸೀಮೆಯಿಂದ ಬಾಲಕನಾಗಿ ಬಂದು ಹತ್ತು ವರ್ಷಕ್ಕೂ ಮಿಕ್ಕು ಇಲ್ಲಿಯೇ ಉಂಡು ಕಲಿತ ವೆಂಕಟೇಶ ಕುಮಾರರು ಪುಟ್ಟರಾಜರ ಶಿಷ್ಯರು. ಇಬ್ಬರೂ ಕಣ್ಣುಳ್ಳವರೇ. ಅಂಗವೈಕಲ್ಯವುಳ್ಳವರನ್ನು ಸಮಾಜ ತನ್ನೊಳಗೆ ಸೇರಿಸಿಕೊಳ್ಳಬೇಕೆಂದು ಸಭೆಗಳಲ್ಲಿ ಭಾಷಣ ಕೇಳುವಾಗಲೆಲ್ಲ ನನಗೆ ಈ ಮನೆಯ ನೆನಪಾಗುವುದು. ಇಲ್ಲಿ ಸಮಾಜವೇ ಅವರ ಬಾಗಿಲಿಗೆ ಬಂದು, ನಮ್ಮ ಮಗನನ್ನು ಸೇರಿಸಿಕೊಳ್ಳಿರಿ ಎಂದು ಬೇಡಿತು.

ಆದರೂ ಸಂಗೀತವೊಂದನ್ನೇ ಅಂಧರ ಹಣೆಬರಹವೆಂದು ಬಗೆಯುವುದು ಅನ್ಯಾಯವಾದೀತು. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಅಂಗವೈಕಲ್ಯವುಳ್ಳವರು 13 ಲಕ್ಷಕ್ಕೂ ಮಿಗಿಲು. ಅಂಗವಿಕಲರ ಹಕ್ಕುಗಳ 2016ರ ಕಾಯಿದೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿದೆ. ಕಿವಿಯಲ್ಲಿ ಸ್ವರ ನಿಲ್ಲದ ಅಂಧ ಬಾಲಕನಿಗೆ, ಮಾತು ಕೇಳದ ಹುಡುಗಿಗೆ, ಊರುಗೋಲಿನ ಮೇಲೆ ನಡೆಯುವ ರೈತನ ಮಗನಿಗೆ, ತಮ್ಮ ತಮ್ಮ ಕೈಗೊಗ್ಗುವ ವಿದ್ಯೆಯ ಗುರುಮನೆಗಳು ಬೇಕು. ಅವು ಗದುಗಿನಷ್ಟು ದೂರದಲ್ಲಿದ್ದರೆ ಸಾಲದು, ತಾಲೂಕಿಗೊಂದಾದರೂ ಇರಬೇಕು.

ಪುಣ್ಯಾಶ್ರಮದ ವಿದ್ಯೆ ಜನಜೀವನದಲ್ಲಿ ಎಷ್ಟು ದೂರ ಹರಿದಿದೆಯೆಂಬುದನ್ನು ಅರಿಯಬೇಕಾದರೆ ಶ್ರಾವಣಮಾಸದಲ್ಲಿ ಉತ್ತರ ಕರ್ನಾಟಕದ ಹಳ್ಳಿಗಳಿಗೆ ಹೋಗಬೇಕು. ತಿಂಗಳು ಪರ್ಯಂತ ಮಠದಲ್ಲೋ ಗುಡಿಯಲ್ಲೋ ಪುರಾಣ ನಡೆಯುವುದು. ಶಾಸ್ತ್ರಿಗಳು ಅರ್ಥ ಹೇಳುವರು. ಅವರ ಮಗ್ಗುಲಲ್ಲಿ ಹಾರ್ಮೋನಿಯಂ ಹಿಡಿದು ಹಾಡುವ ಗವಾಯಿ, ತಬಲದ ಸಾಥಿ ಇವರಲ್ಲಿ ಗದುಗಿನ ಅಂಧ ಶಿಷ್ಯರು ಎಷ್ಟೋ ಮಂದಿ. ಹೊಲದ ಕೆಲಸ ತೀರಿಸಿ ಬಂದ ಜನ ರಾತ್ರಿ ಅವರ ಹಾಡನ್ನು ಕೇಳುವರು. ಮನೆಮನೆಯವರು ಪಾಳಿ ಹಚ್ಚಿಕೊಂಡು ಅವರನ್ನು ಊಟಕ್ಕೆ ಕರೆದೊಯ್ಯುವರು. ಹಾಡಬಲ್ಲ ಹುಡುಗರು ಹಗಲಿನಲ್ಲಿ ಬಂದು ಒಂದೆರಡು ವಚನಗಳಿಗೆ ರಾಗ ಹೇಳಿಸಿಕೊಳ್ಳುವರು. ಪುರಾಣ ಮಂಗಲವಾದ ದಿನ ಹಿರಿಯರು ಶಾಲು ಹೊದಿಸಿ, ಸಂಭಾವನೆಯನ್ನು ಕೈಯಲ್ಲಿಟ್ಟು, “ಬರೋ ವರ್ಷಾನೂ ನೀವ ಬರಬೇಕ್ರಿ, ಗವಾಯಿಗಳ” ಎಂದು ಹೇಳಿ, ಮುಂದಿನ ಶ್ರಾವಣಕ್ಕೆ ಅಲ್ಲಿಯೇ ಮಾತು ತೆಗೆದುಕೊಳ್ಳುವರು.